‘ಶುಗರ್ ಇತ್ತಂತೆ’ ಅನ್ನುವ ಮಾತಿನ ಒಳಗೆ ಏನಿದೆ

2020, 2021ರಲ್ಲಿ ದಿನಾ ಸಂಜೆ ನಮ್ಮ ಅಂಗಡಿಗೆ ಒಂದು ಪಿಡಿಎಫ್ ಬರುತ್ತಿತ್ತು. ಅಂಗಡಿ ಅಂದರೆ ದಾವಣಗೆರೆಯ ಹಳೇ ಪೇಟೆ ಕಡೆಯ ಒಂದು ಸಣ್ಣ ಮೆಡಿಕಲ್ ಶಾಪ್. ಪಿಡಿಎಫ್ ಅಂದರೆ ರಾಜ್ಯ ಆರೋಗ್ಯ ಇಲಾಖೆಯ ಕೋವಿಡ್ ಬುಲೆಟಿನ್. ಯಾರೋ ಒಬ್ಬರು ವಾಟ್ಸಾಪಿಗೆ ಹಾಕುತ್ತಿದ್ದರು. ಮೊದಲು ಎಲ್ಲರೂ ದಾವಣಗೆರೆ ಸಾಲು ಹುಡುಕುತ್ತಿದ್ದೆವು, ಆಮೇಲೆ ಸೀದಾ ಸಾವಿನ ಪಟ್ಟಿಗೆ. ಅಲ್ಲಿ ಹೆಸರು ಇರುತ್ತಿರಲಿಲ್ಲ. ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಏನು ಲಕ್ಷಣ ಇತ್ತು, ಯಾವತ್ತು ಆಸ್ಪತ್ರೆ ಸೇರಿದರು, ಯಾವತ್ತು ತೀರಿಕೊಂಡರು. ನಡುವೆ ಒಂದು ಕಾಲಮ್ಮು: ಕೋ-ಮಾರ್ಬಿಡಿಟಿ, ಅಂದರೆ ಮೊದಲೇ ಇದ್ದ ಬೇರೆ ಕಾಯಿಲೆ. ಅದರಲ್ಲಿ ಡಿಎಂ, ಎಚ್‌ಟಿಎನ್, ಐಎಚ್‌ಡಿ, ಸಿಕೆಡಿ ಅಂತ ಒಂದಷ್ಟು ಅಕ್ಷರಗಳು.

ಡಿಎಂ ಅಂದರೆ ಸಕ್ಕರೆ ಕಾಯಿಲೆ. ಎಚ್‌ಟಿಎನ್ ಅಂದರೆ ಬಿಪಿ. ಐಎಚ್‌ಡಿ ಹೃದಯದ ರಕ್ತನಾಳದ್ದು, ಸಿಕೆಡಿ ಕಿಡ್ನಿಯದ್ದು. ಕೌಂಟರಿನ ಆಚೆ ನಿಂತವರಿಗೆ ನಾನೇ ಬಿಡಿಸಿ ಹೇಳುತ್ತಿದ್ದೆ. ಹೇಳಿದ ತಕ್ಷಣ ಮಾಸ್ಕಿನ ಒಳಗಿಂದ ಒಂದು ಸಮಾಧಾನದ ಉಸಿರು: "ಓ, ಶುಗರ್ ಇತ್ತಂತೆ ಬಿಡು." ಅಂದರೆ, ನನಗಿಲ್ಲ, ನಾನು ಬಚಾವ್. ಪಕ್ಕದಲ್ಲೇ ಶುಗರ್ ಇದ್ದವರೂ ನಿಂತಿರುತ್ತಿದ್ದರು. ಅವರು ಮಾತ್ರೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಸುಮ್ನೆ ಹೊರಟುಬಿಡುತ್ತಿದ್ದರು. ಇಬ್ಬರದೂ ತಪ್ಪು ಲೆಕ್ಕ. ಅದು ಹೇಗೆ ತಪ್ಪು ಅಂತ ಹೇಳೋಕೆ ಆಗ ನನಗೂ ಸರಿಯಾಗಿ ಬರುತ್ತಿರಲಿಲ್ಲ, ಪುರುಸೊತ್ತೂ ಇರಲಿಲ್ಲ.

ನಾನು ಡಾಕ್ಟರಲ್ಲ. ಡಿ.ಫಾರ್ಮಾ ಓದಿ ಇಪ್ಪತ್ತು ವರ್ಷದಿಂದ ಮಾತ್ರೆ ಎಣಿಸುತ್ತಿರುವವನು. ಆದರೆ ಆ ಎರಡು ವರ್ಷ ಕೌಂಟರಿನಲ್ಲಿ ನಿಂತು, ಆಮೇಲೆ ಬಂದ ಅಧ್ಯಯನಗಳನ್ನೂ ಓದಿಕೊಂಡ ಮೇಲೆ ಒಂದು ವಿಷಯ ಗಟ್ಟಿಯಾಗಿದೆ. ಆ ಕಾಲಮ್ಮಿನಲ್ಲಿ ಬರೆದಿದ್ದು ಬರೀ ಕಾಯಿಲೆಯ ಹೆಸರು. ಒಬ್ಬರ ಕೊರೋನಾ ಎಷ್ಟು ಜೋರಾಗುತ್ತದೆ ಅನ್ನುವುದಕ್ಕೆ ಹೆಸರಿಗಿಂತ ಜಾಸ್ತಿ ಬೇಕಾದ್ದು ಆ ಕಾಯಿಲೆ ಯಾವ ಸ್ಥಿತಿಯಲ್ಲಿತ್ತು ಅನ್ನೋದು. ಅದಕ್ಕೆ ಬುಲೆಟಿನ್ನಿನಲ್ಲಿ ಕಾಲಮ್ಮೇ ಇರಲಿಲ್ಲ.

ಮೊದಲು ವೈರಸ್ಸಿನ ಕಥೆ ಸ್ವಲ್ಪ. ಅದು ನಮ್ಮ ಜೀವಕೋಶದ ಒಳಗೆ ಹೋಗಲು ಎಸಿಇ2 ಅನ್ನುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಈ ಪ್ರೋಟೀನು ಮೂಗು, ಶ್ವಾಸಕೋಶದಲ್ಲಿದೆ, ಹೃದಯ, ಕಿಡ್ನಿ, ಕರುಳಿನಲ್ಲೂ ಇದೆ. ಮೊದಲ ಐದಾರು ದಿನ ವೈರಸ್ಸು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಜ್ವರ, ಮೈಕೈ ನೋವು, ಕೆಮ್ಮು. ಬಹಳ ಜನರಿಗೆ ಅಲ್ಲಿಗೇ ಮುಗಿಯಿತು. ಕೆಲವರಿಗೆ ಎರಡನೇ ವಾರದ ಹೊತ್ತಿಗೆ ಬೇರೆಯದೇ ಶುರುವಾಗುತ್ತದೆ. ಆಗ ಕೆಡಿಸುವುದು ಹೆಚ್ಚಾಗಿ ನಮ್ಮದೇ ರೋಗನಿರೋಧಕ ಪಡೆ. ಕಳ್ಳನನ್ನು ಹಿಡಿಯಲು ಬಂದವರು ಮನೆಯ ಬಾಗಿಲು, ಹಂಚು, ಪಾತ್ರೆ ಎಲ್ಲ ಒಡೆದು ಹಾಕಿದ ಹಾಗೆ. ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ, ರಕ್ತನಾಳದ ಒಳಗೋಡೆ ಊದಿಕೊಳ್ಳುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆಕ್ಸಿಜನ್ ಇಳಿಯುತ್ತದೆ.

ಈಗ ನಮ್ಮ ಭದ್ರಾ ನಾಲೆ ನೆನಪು ಮಾಡಿಕೊಳ್ಳಿ. ನೀರು ಜೋರಾಗಿ ಬರುವಾಗ ಮೇಲಿನ ಗದ್ದೆ, ಕೊನೇ ಭಾಗದ ಗದ್ದೆ ಅಂತ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಎಲ್ಲ ಹಸಿರು. ನೀರು ಕಮ್ಮಿಯಾದ ವರ್ಷ ನೋಡಿ, ಮೊದಲು ಒಣಗುವುದು ನಮ್ಮ ದಾವಣಗೆರೆ, ಹರಿಹರ ಕಡೆಯ ಕೊನೇ ಭಾಗ. ಭತ್ತ ಅದೇ, ಬೆಳೆಯುವವರ ಕಷ್ಟವೂ ಅದೇ, ನೀರು ಮುಟ್ಟುವುದಿಲ್ಲ ಅಷ್ಟೇ. ದೇಹದಲ್ಲೂ ಹೀಗೆ ಕೊನೇ ಭಾಗಗಳಿವೆ. ಹತ್ತು ವರ್ಷದ ಶುಗರ್ ಇರುವವರ ಕಿಡ್ನಿ, ಒಮ್ಮೆ ಸ್ಟೆಂಟ್ ಹಾಕಿಸಿಕೊಂಡವರ ಹೃದಯ, ಮೂವತ್ತು ವರ್ಷ ಬೀಡಿ ಸೇದಿದವರ ಶ್ವಾಸಕೋಶ. ಸುಮ್ನೆ ಮನೆಯಲ್ಲಿ ಓಡಾಡಿಕೊಂಡಿರುವಾಗ ಎಲ್ಲ ಸರಿಯಾಗೇ ಇರುತ್ತದೆ. ಆಕ್ಸಿಜನ್ ಸ್ವಲ್ಪ ಇಳಿದು, ಜ್ವರ ಏರಿ, ಹೃದಯ ಜೋರಾಗಿ ಬಡಿಯಬೇಕಾಗಿ ಬಂದ ದಿನ ಅಲ್ಲಿಗೆ ಮೊದಲು ಸಾಲದಾಗುತ್ತದೆ. ಡಾಕ್ಟರುಗಳು ಇದನ್ನು ರಿಸರ್ವ್ ಅನ್ನುತ್ತಾರೆ. ಕೈಯಲ್ಲಿ ಇಟ್ಟುಕೊಂಡ ಉಳಿಕೆ ಅಂತ ಇಟ್ಟುಕೊಳ್ಳಿ. ಹಳೇ ಕಾಯಿಲೆಗಳು ಮಾಡುವ ಮೊದಲ ಕೆಲಸ ಈ ಉಳಿಕೆಯನ್ನು ಕರಗಿಸುವುದು.

ಇನ್ನು ಅಂಕಿಗೆ ಬರೋಣ. ಅಂಕಿಯಲ್ಲೇ ಜನ ಜಾಸ್ತಿ ದಾರಿ ತಪ್ಪಿದ್ದು.

2020ರ ಫೆಬ್ರುವರಿಯಲ್ಲಿ ಚೀನಾದಿಂದ ಒಂದು ದೊಡ್ಡ ವರದಿ ಬಂತು. ಪರೀಕ್ಷೆಯಲ್ಲಿ ದೃಢಪಟ್ಟ 44,672 ಜನರ ಲೆಕ್ಕ ಅದು. ಒಟ್ಟಾರೆ ನೂರಕ್ಕೆ 2.3 ಜನ ಸತ್ತಿದ್ದರು. ಮೊದಲೇ ಯಾವ ಕಾಯಿಲೆಯೂ ಇಲ್ಲದವರಲ್ಲಿ ಅದು 0.9. ಹೃದಯದ ಕಾಯಿಲೆ ಇದ್ದವರಲ್ಲಿ 10.5, ಸಕ್ಕರೆ ಕಾಯಿಲೆಯಲ್ಲಿ 7.3, ಬಿಪಿಯಲ್ಲಿ 6. ಈ ಅಂಕಿಗಳು ಟಿವಿಯಲ್ಲಿ ಬಂದವು, ವಾಟ್ಸಾಪಿನಲ್ಲಿ ಬಂದವು, ನಮ್ಮ ಅಂಗಡಿ ಮುಂದೆಯೂ ಬಂದು ನಿಂತವು. "ನನಗೆ ಬಿಪಿ ಐತಿ, ನೂರಕ್ಕೆ ಆರು ಅಂತೆ" ಅಂತ ನಲವತ್ತೆರಡರ ಒಬ್ಬ ಅಣ್ಣ ಬೆವೆತುಹೋಗಿದ್ದ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಿಪಿ ಯಾರಿಗಿರುತ್ತದೆ? ಹೆಚ್ಚಾಗಿ ವಯಸ್ಸಾದವರಿಗೆ. ಅದೇ ಚೀನಾದ ಲೆಕ್ಕದಲ್ಲಿ ಎಂಬತ್ತು ದಾಟಿದವರಲ್ಲಿ ನೂರಕ್ಕೆ 14.8 ಜನ ಸತ್ತಿದ್ದರು. ಹಾಗಾದರೆ ಬಿಪಿ ಇದ್ದವರಲ್ಲಿ ಸಾವು ಜಾಸ್ತಿ ಕಂಡಿದ್ದು ಬಿಪಿಯಿಂದಲೋ, ವಯಸ್ಸಿನಿಂದಲೋ? ದುಗ್ಗಮ್ಮನ ಜಾತ್ರೆಯಲ್ಲಿ ಊರುಗೋಲು ಹಿಡಿದವರು ಜಾಸ್ತಿ ಸುಸ್ತಾಗಿ ಕೂತಿದ್ದರು ಅಂತಿಟ್ಟುಕೊಳ್ಳಿ. ಅದಕ್ಕೆ ಊರುಗೋಲೇ ಕಾರಣ ಅಂದರೆ ನಗುತ್ತೀರಿ ಅಲ್ವಾ? ಒಂದೇ ವಯಸ್ಸಿನ ಇಬ್ಬರನ್ನು, ಒಬ್ಬರಿಗೆ ಬಿಪಿ ಇದೆ ಇನ್ನೊಬ್ಬರಿಗೆ ಇಲ್ಲ ಅನ್ನುವ ಹಾಗೆ ಪಕ್ಕ ಪಕ್ಕ ನಿಲ್ಲಿಸಿ ನೋಡಿದರೆ ಮಾತ್ರ ನಿಜ ಗೊತ್ತಾಗುವುದು.

ಇಂಗ್ಲೆಂಡಿನವರು ಅದನ್ನೇ ಮಾಡಿದರು. ಓಪನ್‌ಸೇಫ್ಲಿ ಅಂತ ಅದರ ಹೆಸರು, 2020ರಲ್ಲಿ ಪ್ರಕಟವಾಯಿತು. 1 ಕೋಟಿ 70 ಲಕ್ಷ ವಯಸ್ಕರ ಆರೋಗ್ಯ ದಾಖಲೆ, ಅದರಲ್ಲಿ 10,926 ಕೋವಿಡ್ ಸಾವು. ವಯಸ್ಸು, ಲಿಂಗ, ಬಡತನ, ಬೇರೆ ಕಾಯಿಲೆ ಎಲ್ಲವನ್ನೂ ಸಮ ಮಾಡಿ ನೋಡಿದಾಗ ಬಿಪಿಯ ಅಪಾಯ ಹೆಚ್ಚುಕಮ್ಮಿ ಕರಗಿಹೋಯಿತು. ವಯಸ್ಸು ಮಾತ್ರ ಕರಗಲಿಲ್ಲ. ಐವತ್ತರ ಆಸುಪಾಸಿನವರಿಗೆ ಹೋಲಿಸಿದರೆ ಎಂಬತ್ತು ದಾಟಿದವರಿಗೆ ಸಾವಿನ ಅಪಾಯ ಇಪ್ಪತ್ತು ಪಟ್ಟು. ಇದರ ಮುಂದೆ ಉಳಿದ ಎಲ್ಲ ಅಂಕಿಯೂ ಸಣ್ಣದು. ತೀವ್ರವಾಗಿ ಕಿಡ್ನಿ ಕೆಟ್ಟವರಿಗೆ ಎರಡೂವರೆ ಪಟ್ಟು, ಅಂಗ ಕಸಿ ಮಾಡಿಸಿಕೊಂಡವರಿಗೆ ಮೂರೂವರೆ ಪಟ್ಟು, ಬಹಳ ಬೊಜ್ಜು ಇರುವವರಿಗೆ ಸುಮಾರು ಎರಡು ಪಟ್ಟು.

ಈ ‘ಪಟ್ಟು’ ಅನ್ನುವುದನ್ನೂ ಸ್ವಲ್ಪ ಹುಷಾರಾಗಿ ಹಿಡಿಯಬೇಕು. ಎರಡು ಪಟ್ಟು ಅಂದರೆ ಯಾವುದರ ಎರಡು ಪಟ್ಟು? ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಸಾವಿರ ಜನರಲ್ಲಿ ಒಬ್ಬರಿಗೆ ಬರುವ ಅಪಾಯ ಎರಡು ಪಟ್ಟಾದರೆ ಇಬ್ಬರಿಗೆ. ಸಾವಿರಕ್ಕೆ ನೂರು ಇದ್ದದ್ದು ಎರಡು ಪಟ್ಟಾದರೆ ಇನ್ನೂರು. ಮೂವತ್ತರ ಹುಡುಗಿಗೆ ಶುಗರ್ ಇರುವುದೂ, ಎಪ್ಪತ್ತೈದರ ಅಜ್ಜನಿಗೆ ಅದೇ ಶುಗರ್ ಇರುವುದೂ ಒಂದೇ ಅಲ್ಲ. ಬುಲೆಟಿನ್ನಿನಲ್ಲಿ ಮಾತ್ರ ಇಬ್ಬರಿಗೂ ‘ಡಿಎಂ’.

ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಇದೇ ಅಧ್ಯಯನದಲ್ಲಿ ಇನ್ನೊಂದು ಸಾಲಿನಲ್ಲಿತ್ತು. ಅವರು ಸಕ್ಕರೆ ಕಾಯಿಲೆಯನ್ನು ಒಂದೇ ಗುಂಪು ಮಾಡಲಿಲ್ಲ, ಎರಡು ಮಾಡಿದರು. ಹಿಡಿತದಲ್ಲಿ ಇರುವವರು, ಇಲ್ಲದವರು. ಹಿಡಿತದಲ್ಲಿದ್ದವರಿಗೆ ಅಪಾಯ 1.31 ಪಟ್ಟು. ಇಲ್ಲದವರಿಗೆ 1.95. ಹೆಸರು ಒಂದೇ, ಸ್ಥಿತಿ ಬೇರೆ. ಗೆರೆ ಎಳೆದಿದ್ದು ಎಚ್‌ಬಿಎ1ಸಿ ಪರೀಕ್ಷೆಯ ಮೇಲೆ, ನಮ್ಮ ಲ್ಯಾಬಿನವರು ಬರೆಯುವ ಲೆಕ್ಕದಲ್ಲಿ ಅದು 7.5. ನಮ್ಮಲ್ಲಿ ಇದಕ್ಕೆ ‘ಮೂರು ತಿಂಗಳ ಶುಗರ್’ ಅನ್ನುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಕೊಡುವ ಹಿಂದಿನ ದಿನ ಬೆಣ್ಣೆ ದೋಸೆ ಬಿಟ್ಟು, ರಾಗಿ ಮುದ್ದೆ ಉಂಡು ರಿಪೋರ್ಟ್ ಚಂದ ಮಾಡಿಕೊಳ್ಳುವವರು ನಮ್ಮೂರಲ್ಲಿ ಬೇಕಾದಷ್ಟು ಜನ. ಮೂರು ತಿಂಗಳ ಶುಗರಿನ ಮುಂದೆ ಆ ಆಟ ನಡೆಯುವುದಿಲ್ಲ. ಕೆಂಪು ರಕ್ತಕಣಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅದು ಅಳೆಯುತ್ತದೆ, ಕಣ ಬದುಕುವುದೇ ಸುಮಾರು ನಾಲ್ಕು ತಿಂಗಳು.

ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಕೊರೋನಾಕ್ಕೆ ಏನು ಅನುಕೂಲ? ಮೊದಲನೆಯದು, ನಮ್ಮ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಸೋಂಕು ಇರುವ ಕಡೆಗೆ ಬೇಗ ಓಡುವುದಿಲ್ಲ, ಸಿಕ್ಕ ರೋಗಾಣುವನ್ನು ಸರಿಯಾಗಿ ನುಂಗುವುದಿಲ್ಲ. ಇನ್ನೊಂದು ಕಡೆ, ವರ್ಷಗಟ್ಟಲೆ ಸಕ್ಕರೆ ತಾಗಿ ತಾಗಿ ರಕ್ತನಾಳದ ಒಳಗೋಡೆ ಮೊದಲೇ ಒರಟಾಗಿರುತ್ತದೆ. ಕೊರೋನಾ ಕೈ ಹಾಕುವುದೂ ಅದೇ ಗೋಡೆಗೆ. ಇದೆಲ್ಲದರ ಮೇಲೆ, ಯಾವುದೇ ಜೋರು ಜ್ವರ ಬಂದರೂ ದೇಹ ಗಾಬರಿಯ ಹಾರ್ಮೋನುಗಳನ್ನು ಬಿಡುತ್ತದೆ, ಅವು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತವೆ. ಸಕ್ಕರೆ ಏರಿದರೆ ಸೋಂಕು ಬಗ್ಗುವುದಿಲ್ಲ, ಸೋಂಕು ಬಗ್ಗದಿದ್ದರೆ ಸಕ್ಕರೆ ಇಳಿಯುವುದಿಲ್ಲ. ಗಾಣದೆತ್ತಿನ ಹಾಗೆ ಸುತ್ತುವುದೇ.

ಈ ಸುತ್ತಿಗೆ ಎಣ್ಣೆ ಸುರಿದದ್ದು ಸ್ಟೀರಾಯ್ಡ್, ಅಂದರೆ ನಿರೋಧಕ ಪಡೆಯ ಅಬ್ಬರ ತಗ್ಗಿಸುವ ಔಷಧಿ. ಇಲ್ಲಿ ನಮ್ಮಂಥವರ ಪಾಲೂ ಇದೆ.

2020ರ ಜೂನಿನಲ್ಲಿ ಇಂಗ್ಲೆಂಡಿನ ರಿಕವರಿ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಬಹಳ ಹಳೇ ಮಾತ್ರೆ, ಬಹಳ ಅಗ್ಗ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರಲ್ಲಿ ಮೂರನೇ ಒಂದು ಭಾಗ ಸಾವು ಕಮ್ಮಿಯಾಯಿತು, ಆಕ್ಸಿಜನ್ ಹಾಕಿದ್ದವರಲ್ಲಿ ಐದನೇ ಒಂದು ಭಾಗ. ಆಕ್ಸಿಜನ್ ಬೇಡದವರಿಗೆ? ಏನೂ ಲಾಭ ಇಲ್ಲ. ಸುದ್ದಿಯ ಮೊದಲರ್ಧ ಮಾತ್ರ ಊರೂರು ತಲುಪಿತು. 2021ರ ಮೇ ತಿಂಗಳಲ್ಲಿ ಅಂಗಡಿಗೆ ಬರುತ್ತಿದ್ದ ಚೀಟಿಗಳು ಚೀಟಿಯೇ ಅಲ್ಲ, ಮೊಬೈಲಿನಲ್ಲಿ ಫೋಟೋ. ಯಾರದೋ ಚೀಟಿ, ಯಾರಿಗೋ ಬರೆದಿದ್ದು, ಇನ್ಯಾರಿಗೋ ಫಾರ್ವರ್ಡ್ ಆಗಿ ನನ್ನ ಮುಂದೆ. ಹೆಸರಿದ್ದ ಜಾಗವನ್ನು ಹೆಬ್ಬೆರಳಲ್ಲಿ ಮುಚ್ಚಿ ತೋರಿಸಿದವರೂ ಇದ್ದಾರೆ. ಆಮೇಲಾಮೇಲೆ ಇಲ್ಲ ಅಂತ ವಾಪಸ್ ಕಳಿಸಿದೆ. ಶುರುವಿನಲ್ಲಿ ಒಂದಿಬ್ಬರಿಗೆ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಜ್ವರದ ಎರಡನೇ ದಿನಕ್ಕೇ ಸ್ಟೀರಾಯ್ಡ್ ನುಂಗಿದರೆ, ವೈರಸ್ಸು ಇನ್ನೂ ಬೆಳೆಯುತ್ತಿರುವಾಗಲೇ ಅದನ್ನು ತಡೆಯುವ ಪಡೆಯನ್ನು ಮನೆಗೆ ಕಳಿಸಿದ ಹಾಗೆ. ಶುಗರ್ ಇದ್ದವರಾದರೆ ಸಕ್ಕರೆಯೂ ಮುಗಿಲು ಮುಟ್ಟುತ್ತದೆ.

ಅದರ ಹಿಂದೆಯೇ ಬಂತು ಕಪ್ಪು ಶಿಲೀಂಧ್ರ, ಮ್ಯೂಕೋರ್‌ಮೈಕೋಸಿಸ್. ಇದರ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಯಾವಾಗಲೂ ಇವೆ, ನಾವು ದಿನಾ ಉಸಿರಾಡುತ್ತೇವೆ. ಆರೋಗ್ಯವಾಗಿದ್ದಾಗ ಏನೂ ಆಗುವುದಿಲ್ಲ. ಸಕ್ಕರೆ ಏರಿ, ರಕ್ತ ಸ್ವಲ್ಪ ಆಮ್ಲವಾಗಿ, ಮೇಲೆ ಸ್ಟೀರಾಯ್ಡ್ ಬಿದ್ದು ಬಿಳಿ ರಕ್ತಕಣ ಮಲಗಿದಾಗ ಅದಕ್ಕೆ ಹದವಾದ ಗದ್ದೆ ಸಿಕ್ಕಂತೆ. ಮುಖದ ಒಂದೇ ಬದಿ ನೋವು, ಮೂಗಿನಲ್ಲಿ ಕಪ್ಪು ಸ್ರಾವ, ಒಂದು ಕಣ್ಣು ಊತ, ಮೇಲಿನ ಹಲ್ಲು ಅಲುಗಾಡುವುದು. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಇದು ಬಂದಿತ್ತು, ಅವರಲ್ಲಿ ಬಹುಪಾಲು ಜನ ಸಕ್ಕರೆ ಕಾಯಿಲೆಯವರು. ಇದಕ್ಕೆ ಕೊಡುವ ಆಂಫೋಟೆರಿಸಿನ್-ಬಿ ಇಂಜೆಕ್ಷನ್ ಕೇಳಿಕೊಂಡು ಹರಿಹರ, ಹೊನ್ನಾಳಿ, ಜಗಳೂರಿನಿಂದ ಫೋನು ಬರುತ್ತಿದ್ದವು. ನಮ್ಮಂಥ ಅಂಗಡಿಯಲ್ಲಿ ಅದು ಎಲ್ಲಿಂದ ಬರಬೇಕು.

ಸ್ಟೀರಾಯ್ಡ್ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಚನ್ನಗಿರಿ ಕಡೆಯ ನಮ್ಮ ಸೋದರಮಾವನಿಗೆ ಅದೇ ಬೇಕಾಯಿತು. ಅಡಿಕೆ ತೋಟದವರು, ಅರವತ್ತಮೂರು ವಯಸ್ಸು, ಹದಿನಾಲ್ಕು ವರ್ಷದ ಶುಗರ್. ಮೂರು ತಿಂಗಳ ಶುಗರ್ 6.8 ಇತ್ತು, ಅಂದರೆ ಹಿಡಿತದಲ್ಲಿತ್ತು. ಒಂಬತ್ತನೇ ದಿನ ಆಕ್ಸಿಜನ್ ಇಳಿದು ಆಸ್ಪತ್ರೆ ಸೇರಿದರು, ಡೆಕ್ಸಾ ಶುರುವಾಯಿತು, ಮನೆಗೆ ಕಳಿಸಿದ ಮೇಲೂ ನಾಲ್ಕು ದಿನ ಇತ್ತು. ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ದಿನಕ್ಕೆ ನಾಲ್ಕು ಸಲ ಗ್ಲುಕೋಮೀಟರ್ ನೋಡಿ ಬರೆದಿಟ್ಟಿದ್ದರು. ಬೆಳಿಗ್ಗೆ 140, ಮಧ್ಯಾಹ್ನ ಊಟದ ಮೇಲೆ 290, ಸಂಜೆ 387. ಬೆಳಿಗ್ಗೆಯದು ಮಾತ್ರ ನೋಡಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳಬೇಕಿತ್ತು. ಬೆಳಿಗ್ಗೆ ನುಂಗಿದ ಸ್ಟೀರಾಯ್ಡ್ ಸಕ್ಕರೆ ಏರಿಸುವುದು ಮಧ್ಯಾಹ್ನದ ಮೇಲೆ. ಅತ್ತೆ ಆ ಕ್ಯಾಲೆಂಡರಿನ ಫೋಟೋ ಡಾಕ್ಟರಿಗೆ ಕಳಿಸಿದರು, ಅವರು ಫೋನಿನಲ್ಲೇ ಇನ್ಸುಲಿನ್ ಬದಲಾಯಿಸಿದರು. ಮಾವ ಉಳಿದರು. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಹಿಡಿತದಲ್ಲಿಡುವುದು ಅಂದರೆ ನಿತ್ಯದ ಬದುಕಿನಲ್ಲಿ ಹೇಗಿರುತ್ತದೆ ಅಂತ ತೋರಿಸಲು ಹೇಳಿದೆ.

ಬಿಪಿ ಕಥೆ ಇನ್ನೊಂದು ಥರ. ಇಲ್ಲಿ ಕಾಯಿಲೆಗಿಂತ ವದಂತಿ ಕೆಡಿಸಿದ್ದು ಜಾಸ್ತಿ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಮಾತ್ರೆಗಳು ದೇಹದಲ್ಲಿ ಎಸಿಇ2ಗೆ ಸಂಬಂಧಪಟ್ಟ ವ್ಯವಸ್ಥೆಯಲ್ಲೇ ಕೆಲಸ ಮಾಡುತ್ತವೆ. ವೈರಸ್ಸಿಗೆ ಬೇಕಾದ್ದೂ ಎಸಿಇ2. ಹಾಗಾದರೆ ಈ ಮಾತ್ರೆ ವೈರಸ್ಸಿಗೆ ಬಾಗಿಲು ತೆರೆದುಕೊಡುತ್ತದಾ ಅಂತ 2020ರ ಶುರುವಿನಲ್ಲಿ ವಿಜ್ಞಾನಿಗಳೇ ಒಂದು ಅನುಮಾನ ಎತ್ತಿದರು. ಅನುಮಾನ ಅಷ್ಟೇ. ಹೃದಯ ತಜ್ಞರ ಸಂಘಗಳು ಕೂಡಲೇ ‘ಮಾತ್ರೆ ನಿಲ್ಲಿಸಬೇಡಿ’ ಅಂದವು. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ್ದ 659 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರೆ ನಿಲ್ಲಿಸಿ, ಇನ್ನೊಂದಕ್ಕೆ ಮುಂದುವರಿಸಿ ನೋಡಿದರು. ನಿಲ್ಲಿಸಿದ್ದರಿಂದ ಏನೂ ಲಾಭ ಆಗಲಿಲ್ಲ. ಆದರೆ ಅಷ್ಟರಲ್ಲಿ ನಮ್ಮಲ್ಲಿ ಎಷ್ಟೋ ಜನ ತಾವಾಗಿಯೇ ಬಿಟ್ಟಿದ್ದರು. ನನ್ನ ಪುಸ್ತಕದಲ್ಲಿ ಪ್ರತಿ ತಿಂಗಳು ಬರುವ ಗಿರಾಕಿಗಳು ಕಾಣೆಯಾದಾಗ ಮೊದಲು ಭಯವಾಯಿತು, ಆಮೇಲೆ ಫೋನು ಮಾಡಿದರೆ "ಬಿಟ್ಟೀನಿ, ಅದನ್ನ ತಗಂಡ್ರೆ ಕೊರೋನಾ ಬರ್ತತಂತೆ" ಅಂದರು. ಬಿಪಿ ಮಾತ್ರೆ ದಿಢೀರಂತ ಬಿಟ್ಟರೆ ಲಕ್ವ ಹೊಡೆಯಬಹುದು, ಅದಕ್ಕೆ ಕೊರೋನಾ ಬರಬೇಕು ಅಂತೇನೂ ಇಲ್ಲ.

ಹೃದಯದ ವಿಷಯ ಹೆಚ್ಚು ಬಿಡಿಸಬೇಕಾಗಿಲ್ಲ. ಜ್ವರದಲ್ಲಿ ಹೃದಯಕ್ಕೆ ಕೆಲಸ ಜಾಸ್ತಿ, ಆಕ್ಸಿಜನ್ ಕಮ್ಮಿ, ರಕ್ತ ಹೆಪ್ಪುಗಟ್ಟುವ ಗುಣ ಬೇರೆ. ಮೊದಲೇ ಕಿರಿದಾದ ನಾಳದಲ್ಲಿ ಒಂದು ಸಣ್ಣ ಹೆಪ್ಪು ಸಾಕು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರೋ ಹೇಳಿದರು ಅಂತ ಬಿಡಬಾರದು ಅನ್ನುವುದೂ ಇದಕ್ಕೇ.

ಶ್ವಾಸಕೋಶದಲ್ಲಿ ಒಂದು ಅಚ್ಚರಿ ಇದೆ. ಎಲ್ಲರಿಗಿಂತ ಜಾಸ್ತಿ ಹೆದರಿದ್ದು ಅಸ್ತಮಾದವರು. ಲೆಕ್ಕ ನೋಡಿದರೆ, ಇನ್‌ಹೇಲರ್ ಸರಿಯಾಗಿ ಎಳೆದುಕೊಂಡು ಹತೋಟಿಯಲ್ಲಿಟ್ಟವರಿಗೆ ಅಪಾಯ ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಪದೇ ಪದೇ ಸ್ಟೀರಾಯ್ಡ್ ಮಾತ್ರೆ ಬೇಕಾಗುವಷ್ಟು ಜೋರಿದ್ದವರಿಗೆ ಸ್ವಲ್ಪ ಜಾಸ್ತಿ. ನಿಜವಾಗಿ ಕಷ್ಟಪಟ್ಟವರು ಸಿಒಪಿಡಿಯವರು, ಅಂದರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಉಸಿರು ಕಟ್ಟುವ ಕಾಯಿಲೆಯವರು, ನಮ್ಮ ಕಡೆ ‘ದಮ್ಮು’ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಾರಲ್ಲ, ಅದರಲ್ಲಿ ಕೆಟ್ಟ ಪಾಲು. ಬೀಡಿಯಿಂದ ಬರುತ್ತದೆ, ಹೊಗೆಯಿಂದಲೂ ಬರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಒಮ್ಮೆ ಬೆಳಗಿನ ಜಾವ ಹೋಗಿ ನೋಡಿ. ನಾವು ಸಂಜೆ ಮಿರ್ಚಿ ಜೊತೆ ರುಚಿಯಾಗಿ ತಿನ್ನುವ ಮಂಡಕ್ಕಿ, ಅದನ್ನು ಹುರಿಯುವವರ ಎದೆಯಲ್ಲಿ ಹೊಗೆಯಾಗಿ ಕೂತಿರುತ್ತದೆ. ಹಳ್ಳಿಯಲ್ಲಿ ಜೀವಮಾನವಿಡೀ ಸೌದೆ ಒಲೆ ಊದಿದ ಅಜ್ಜಿಯರು ಒಂದು ಬೀಡಿಯನ್ನೂ ಮುಟ್ಟಿರುವುದಿಲ್ಲ, ಶ್ವಾಸಕೋಶ ಮಾತ್ರ ಸೇದಿದವರದೇ ಥರ. ಚಿತ್ರದುರ್ಗ ಕಡೆ ಗಣಿ, ಕಲ್ಲು ಕ್ರಷರಿನ ದೂಳು ಕುಡಿದವರದೂ ಇದೇ ಪಾಡು. ಇವರಲ್ಲಿ ಬಹಳ ಜನರ ಹೆಸರಿನ ಮುಂದೆ ಆ ಕಾಲಮ್ಮಿನಲ್ಲಿ ಏನೂ ಬರೆದಿರುವುದಿಲ್ಲ, ಯಾಕೆಂದರೆ ಅವರಿಗೆ ಯಾರೂ ಊದಿಸಿ ನೋಡುವ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ.

ಆ ಖಾಲಿ ಜಾಗದ ಬಗ್ಗೆ ಇನ್ನೊಂದು ಮಾತು. ‘ಬೇರೆ ಕಾಯಿಲೆ ಇಲ್ಲ’ ಅನ್ನುವುದಕ್ಕೆ ಎರಡು ಅರ್ಥ. ನಿಜವಾಗಿ ಇಲ್ಲ, ಅಥವಾ ಇದೆ, ಗೊತ್ತಿಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆ, ಒಟ್ಟು ಸುಮಾರು 10.1 ಕೋಟಿ. ಬಿಪಿ ನೂರಕ್ಕೆ 35.5. ನಮ್ಮ ಕೌಂಟರಿಗೆ ಬಂದು ಮಾತ್ರೆ ಕೊಳ್ಳುವವರು ಅದರಲ್ಲಿ ಒಂದು ಪಾಲು ಮಾತ್ರ. ಕೊರೋನಾ ಬಂದು ಆಸ್ಪತ್ರೆ ಸೇರಿದ ದಿನವೇ ತಮಗೆ ಶುಗರ್ ಇದೆ ಅಂತ ಮೊದಲ ಸಲ ಗೊತ್ತಾದವರು ಎಷ್ಟೋ ಜನ. ‘ನಾನು ಬಚಾವ್’ ಅಂದವರಲ್ಲಿ ಅವರೂ ಇದ್ದರು.

ಉಳಿದವು ಬೇಗ ಹೇಳಿಬಿಡುತ್ತೇನೆ. ಬೊಜ್ಜು: ಹೊಟ್ಟೆಯ ಭಾರ ಶ್ವಾಸಕೋಶವನ್ನು ಕೆಳಗಿನಿಂದ ಒತ್ತುತ್ತದೆ, ಅಂಗಾತ ಮಲಗಿದಾಗ ಇನ್ನೂ ಜಾಸ್ತಿ, ಕೊಬ್ಬೂ ತಾನಾಗಿಯೇ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಿರುತ್ತದೆ. ನಲವತ್ತರೊಳಗಿನವರಲ್ಲಿ ಜೋರಾದ ಕಾಯಿಲೆಗೆ ಇದು ಒಂದು ದೊಡ್ಡ ಕಾರಣ, ನಾವು ಇದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ, ‘ಉಂಡು ತಿಂದ ಮೈ’ ಅನ್ನುತ್ತೇವೆ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸುವವರಿಗೆ ಎರಡು ಹೊಡೆತ: ನಿರೋಧಕ ಶಕ್ತಿಯೂ ಕಮ್ಮಿ, ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಲೇಬೇಕಾದ್ದರಿಂದ ಮನೆಯಲ್ಲಿ ಕೂರುವ ಹಾಗೂ ಇಲ್ಲ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಬೇರೆಯದೇ ಗುಂಪು. ಇವರಲ್ಲಿ ವೈರಸ್ಸು ವಾರಗಟ್ಟಲೆ ಉಳಿಯಬಹುದು, ಲಸಿಕೆಯೂ ಅಷ್ಟು ಚೆನ್ನಾಗಿ ಕಚ್ಚುವುದಿಲ್ಲ. ಗರ್ಭಿಣಿಯರಿಗೂ ಅಪಾಯ ಸ್ವಲ್ಪ ಜಾಸ್ತಿ. ಇನ್ನು ಥೈರಾಯ್ಡ್. ನಮ್ಮಲ್ಲಿ ಹೆಣ್ಣುಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಅರ್ಧ ಇದರದ್ದೇ: "ಅಣ್ಣಾ, ನನಗೆ ಥೈರಾಯ್ಡ್ ಐತಿ, ಏನಾದ್ರೂ ಆಗತ್ತಾ?" ಥೈರಾಯ್ಡ್ ಕಮ್ಮಿ ಇದ್ದು ದಿನಾ ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಸರಿಯಾಗಿ ಇಟ್ಟುಕೊಂಡವರಿಗೆ ಅದರಿಂದ ಹೆಚ್ಚಿನ ಅಪಾಯ ಇಲ್ಲ.

ಹೆಸರಷ್ಟೇ ಸಾಲದು ಅನ್ನುವುದು ಸರ್ಕಾರಕ್ಕೂ ಗೊತ್ತಿತ್ತು. 2021ರ ಮಾರ್ಚ್ 1ರಿಂದ 45ರಿಂದ 59 ವಯಸ್ಸಿನವರಲ್ಲಿ ಬೇರೆ ಕಾಯಿಲೆ ಇದ್ದವರಿಗೆ ಮೊದಲು ಲಸಿಕೆ ಅಂದಾಗ ಇಪ್ಪತ್ತು ಕಾಯಿಲೆಗಳ ಪಟ್ಟಿ ಕೊಟ್ಟರು. ಅದರಲ್ಲಿ ಬರೀ ‘ಶುಗರ್’ ಅಂತ ಇರಲಿಲ್ಲ. ಹತ್ತು ವರ್ಷ ದಾಟಿರಬೇಕು ಅಥವಾ ತೊಡಕು ಆಗಿರಬೇಕು, ಜೊತೆಗೆ ಬಿಪಿಗೂ ಚಿಕಿತ್ಸೆ ನಡೆಯುತ್ತಿರಬೇಕು. ಜನ ಪಟ್ಟಿ ಹಿಡಿದುಕೊಂಡು ಸರ್ಟಿಫಿಕೇಟಿಗೆ ಓಡಾಡಿದರು, ‘ನಂದು ಒಂಬತ್ತೇ ವರ್ಷ’ ಅಂತ ಬೇಜಾರು ಮಾಡಿಕೊಂಡವರನ್ನೂ ನೋಡಿದೆ. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ತೆರೆದರು, ಆ ಗೋಜಲು ಮುಗಿಯಿತು.

ಲಸಿಕೆ ಬಂದ ಮೇಲೆ, ಒಂದೆರಡು ಸಲ ಸೋಂಕು ತಗುಲಿದ ಮೇಲೆ, ಓಮಿಕ್ರಾನ್ ಬಂದ ಮೇಲೆ ಎಲ್ಲರ ಅಪಾಯವೂ ಇಳಿದಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಘೋಷಿಸಿತು. ಮೇಲೆ ಕೊಟ್ಟ ಅಂಕಿಗಳು ಲಸಿಕೆ ಇಲ್ಲದ ಕಾಲದವು, ಇವತ್ತಿಗೆ ಹಾಗೇ ಹಚ್ಚಬೇಡಿ. ಸಾಲು ಮಾತ್ರ ಬದಲಾಗಿಲ್ಲ: ಅಲೆ ಬಂದಾಗ ಈಗಲೂ ಆಸ್ಪತ್ರೆ ಸೇರುವವರಲ್ಲಿ ಮುಂದೆ ನಿಂತಿರುವುದು ತೀರಾ ವಯಸ್ಸಾದವರು ಮತ್ತು ನಿರೋಧಕ ಶಕ್ತಿ ತಗ್ಗಿದವರು. ಫ್ಲೂನಲ್ಲೂ ಹೆಚ್ಚುಕಮ್ಮಿ ಇದೇ ಸಾಲು.

ಮನೆಯಲ್ಲಿ ಇಂಥವರಿದ್ದು ಜ್ವರ ಬಂದರೆ ಏನು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ದಿನದ ಮಾತ್ರೆ ತಾವಾಗಿ ನಿಲ್ಲಿಸಬೇಡಿ. ಊಟ ಸೇರಲಿಲ್ಲ ಅಂತ ಇನ್ಸುಲಿನ್ ಪೂರ್ತಿ ಬಿಟ್ಟುಬಿಡುವುದು ದೊಡ್ಡ ತಪ್ಪು, ಊಟ ಮಾಡದಿದ್ದರೂ ಜ್ವರಕ್ಕೆ ಸಕ್ಕರೆ ಏರುತ್ತದೆ. ಇನ್ನೊಂದು ಕಡೆ ಡಾಪಾಗ್ಲಿಫ್ಲೋಜಿನ್ ಥರದ ಕೆಲವು ಶುಗರ್ ಮಾತ್ರೆಗಳನ್ನು ಊಟ ನೀರು ಸೇರದ ದಿನ ನಿಲ್ಲಿಸಬೇಕಾಗುತ್ತದೆ. ಯಾವುದು ಏನು ಅಂತ ಡಾಕ್ಟರಿಗೆ ಒಂದು ಫೋನು ಮಾಡಿ ಕೇಳುವುದು ಒಳ್ಳೆಯದು. ಆಕ್ಸಿಮೀಟರ್ ಇದ್ದರೆ ನೈಲ್ ಪಾಲಿಷ್ ಇಲ್ಲದ, ಬೆಚ್ಚಗಿರುವ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕೆಳಗೆ ಬಂದರೆ ಕಾಯುವುದಲ್ಲ. ಸಿಒಪಿಡಿಯವರಿಗೆ ಎಂದಿನ ಅಂಕಿಯೇ ಕಮ್ಮಿ ಇರಬಹುದು, ಅದಕ್ಕೇ ಚೆನ್ನಾಗಿದ್ದಾಗಲೂ ಒಮ್ಮೆ ನೋಡಿ ಬರೆದಿಟ್ಟಿರಬೇಕು. ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. "ಬಿಳೀ ಮಾತ್ರೆ, ಸಣ್ಣದು" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಹೋದ ತಿಂಗಳು ಒಬ್ಬರು ಯಜಮಾನರು ಕೆಮ್ಮಿನ ಔಷಧಿಗೆ ಬಂದರು. ದೊಡ್ಡಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಎಪ್ಪತ್ತರ ಹತ್ತಿರ. "ಮತ್ತೆ ಶುರುವಾಗೈತಂತಲ್ಲಪ್ಪ, ನನಗೆ ಬಿಪಿ ಬೇರೆ ಐತಿ" ಅಂದರು. ಬಿಪಿ ಕೊನೆಗೆ ಯಾವಾಗ ನೋಡಿಸಿದ್ದು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಲಸಿಕೆ ಹಾಕಿಸ್ಕಳಾಕೆ ಹೋಗಿದ್ನಲ್ಲ, ಅವಾಗ ನೋಡಿದ್ರು." ಸ್ಟೂಲು ಎಳೆದು ಕೂರಿಸಿ, ಐದು ನಿಮಿಷ ಮಾತಾಡಿಸಬೇಡಿ ಅಂತ ನಮ್ಮ ಹುಡುಗನಿಗೆ ಹೇಳಿ, ಆಮೇಲೆ ಪಟ್ಟಿ ಕಟ್ಟಿದೆ. 172, ಕೆಳಗೆ 98. ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಡಾಕ್ಟರ ಹತ್ತಿರ ಕಳಿಸಿದೆ. ಕೆಮ್ಮಿನ ಔಷಧಿ ತೆಗೆದುಕೊಳ್ಳುವುದನ್ನು ಇಬ್ಬರೂ ಮರೆತಿದ್ದೆವು, ಸಂಜೆ ಮೊಮ್ಮಗ ಬಂದು ತೆಗೆದುಕೊಂಡು ಹೋದ.